ಕಲಘಟಗಿಗೆ ಹೋದ ಡಬ್ಬಿ

ಮುಚ್ಚಳ ಬಿಗಿಯಾಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿ, ನಸ್ರೀನ್ ಬಿಸ್ಕೀಟಿನ ಡಬ್ಬಿಯನ್ನು ಜೋಳದ ಚೀಲಗಳ ಹಿಂದಕ್ಕೆ ತಳ್ಳಿದಳು. ಅಷ್ಟು ಸಾಲದೆನಿಸಿ ಮೇಲೊಂದು ಗೋಣಿತಟ್ಟು ಎಳೆದಳು. ಪಡಸಾಲೆಯಲ್ಲಿ ಹೆಂಗಸರ ಅಳು ಏರುತ್ತಿತ್ತು, ಇಳಿಯುತ್ತಿತ್ತು. ಅತ್ತೆ ಖಾಸಿಂಬಿ ಅಲ್ಲಿ ಹೊರಸಿನ ಮೇಲೆ ಬಿಳಿ ಚಾದರದ ಕೆಳಗೆ ಮಲಗಿದ್ದಳು. ನಿನ್ನೆ ಈ ಡಬ್ಬಿ ತುಂಬಿದವಳು ಅವಳೇ. ಇವತ್ತು ಬೆಳಗಿನ ನಮಾಜು ಮುಗಿಸಿ ಒಲೆಯ ಹತ್ತಿರ ಬಂದು, "ಯಾಕೋ ಭಾಳ ಸೆಕಿ ಆಗಾಕತ್ತೈತಿ" ಅಂದಳು. ಹತ್ತಿ ಬಿಡಿಸುವ ಚಳಿಗಾಲದಲ್ಲಿ ಎಂಥ ಸೆಕೆ ಎಂದು ನಸ್ರೀನ್ ತಿರುಗಿ ನೋಡುವಷ್ಟರಲ್ಲಿ ಅತ್ತೆ ಗೋಡೆಗೆ ಒರಗಿ ಕೂತಿದ್ದಳು, ಬಾಯಿ ತೆರೆದಿತ್ತು. ಊರ ಡಾಕ್ಟರು ಬಂದು ಕೈ ಹಿಡಿದು ನೋಡಿ, "ಹಾರ್ಟ್ ಇರಬೇಕು" ಅಂದು ಹೋದರು. ತಾವು ಮುಟ್ಟುವ ಮೊದಲೇ ಸತ್ತವರಿಗೆಲ್ಲ ಅವರು ಹೇಳುವುದು ಅದೊಂದೇ ಮಾತು. ತಿರ್ಲಾಪುರದಲ್ಲಿ ಅದನ್ನು ಯಾರೂ ಮರುಪ್ರಶ್ನೆ ಮಾಡುವುದಿಲ್ಲ.

ನಸ್ರೀನ್ ಒಬ್ಬಳೇ ಅದನ್ನು ನಂಬಿರಲಿಲ್ಲ.

"ಏ ನಸ್ರೀನಾ, ಇಲ್ಲೇನ್ ಮಾಡಾಕತ್ತಿ?"

ಬಾಜೂ ಮನೆಯ ಸಣ್ಣವ್ವ ಚಹಾದ ಕಿಟ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಬೆಳಗಿನಿಂದ ಚಹಾ, ಬಿಸಿನೀರು ಎಲ್ಲ ಅವಳ ಮನೆಯಿಂದಲೇ ಬರುತ್ತಿತ್ತು.

"ನಿಮ್ಮ ಮಾವಗ ಸಕ್ಕರಿ ಬ್ಯಾನಿ. ಬರೇ ಹೊಟ್ಟೀಲೆ ಗುಳಗಿ ನುಂಗ್ಯಾನ, ತಲಿ ತಿರುಗತೈತಿ ಅನ್ನಾಕತ್ತಾನ. ಎರಡು ಬಿಸ್ಕೀಟ ಕೊಡು, ಚಾದಾಗ ಎದ್ದಿ ಕೊಡ್ತೀನಿ."

"ಬಿಸ್ಕೀಟ ಇಲ್ರಿ ಅವ್ವಾರ."

"ಇಲ್ಲಂದ್ರ? ನಿನ್ನಿ ಓಣಿ ತುಂಬ ತುಪ್ಪದ ವಾಸನಿ ಬಡದಿತ್ತು. ನಮ್ಮ ಎಮ್ಮಿ ಸೈತ ಮೂಗು ಏರಿಸಿ ನಿಂತಿತ್ತಲ್ಲ ಬೇ!"

"ಎಲ್ಲಾ ಕಲಘಟಗಿಗೆ ಹೋದ್ವು."

ಹೆಣಕ್ಕೆ ಸ್ನಾನ ಮಾಡಿಸಲು ಬಂದಿದ್ದ ಮಲಿಕಾಬಿ ಸಣ್ಣವ್ವನ ಹೆಗಲ ಮೇಲಿಂದ ಇಣುಕಿದಳು. ಅವಳ ಕಣ್ಣು ನೇರ ಗೋಣಿತಟ್ಟಿನ ಮೇಲೆ ಹೋಯಿತು.

"ಹಂಗಾದ್ರ ಆ ತಟ್ಟಿನ ಬುಡಕ ಹೊಳ್ಯಾಕತ್ತಿದ್ದು ಏನು? ಅತ್ತಿ ಇನ್ನಾ ಮನ್ಯಾಗ ಅದಾಳ, ಮಣ್ಣಿಗೆ ಹೋಗಿಲ್ಲ. ಸೊಸಿ ಆಗಲೇ ಡಬ್ಬಿ ಬಚ್ಚಿಡಾಕ ಸುರು ಮಾಡ್ಯಾಳ. ಶಾಣ್ಯಾಕಿ ಬಿಡು."

ನಸ್ರೀನ್ ತಟ್ಟನ್ನು ಇನ್ನಷ್ಟು ಎಳೆದಳು. ಸಣ್ಣವ್ವ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇರಲಿ ತಗೋ, ನಮ್ಮನ್ಯಾಗ ರೊಟ್ಟಿ ಅದಾವು" ಎಂದು ಹೊರಟಳು. ಜಿಪುಣಿ ಅನ್ನಿಸಿಕೊಳ್ಳುವುದು ವಾಸಿ. ಬಾಯಿ ಬಿಟ್ಟರೆ ಬರುವ ಹೆಸರು ಬೇರೆಯದು. ಸೊಸೆಯ ಕೈಯಿಂದ ಅತ್ತೆ ಸತ್ತಳು ಅಂದರೆ, ಅದು ತಪ್ಪಿ ಆದದ್ದೆಂದು ಯಾವ ಊರಿನಲ್ಲಿ ನಂಬುತ್ತಾರೆ? ಪೊಲೀಸರು ಬರುತ್ತಾರೆ. ನವಲಗುಂದಕ್ಕೆ ಒಯ್ದು ಹೆಣ ಕೊಯ್ಯುತ್ತಾರೆ. ಗಂಡ ಅಸ್ಲಂ ಮತ್ತೆಂದೂ ಅವಳ ಕೈಯಿಂದ ನೀರು ಕುಡಿಯುವುದಿಲ್ಲ.

*

ಹಿಂದಿನ ದಿನ ಖಾಸಿಂಬಿ ಅಂಗಳದಲ್ಲಿ ಹಿಟ್ಟು ನಾದುವ ಅಗಲ ಪರಾತ ಹಾಕಿಕೊಂಡು ಕೂತಿದ್ದಳು. ಕಲಘಟಗಿಗೆ ಕೊಟ್ಟ ಮಗಳು ರುಬಿಯಾಳ ಕೂಸನ್ನು ಶುಕ್ರವಾರ ತೊಟ್ಟಿಲಿಗೆ ಹಾಕುವವರಿದ್ದರು. ಬಣ್ಣದ ತೊಟ್ಟಿಲಿಗೇ ಹೆಸರಾದ ಆ ಊರಲ್ಲಿ ತೊಟ್ಟಿಲಿಗೆ ಬರವಿಲ್ಲ. ಬಿಸ್ಕೀಟು ಮಾತ್ರ ತವರಿನಿಂದ ಹೋಗಬೇಕು.

ಊರ ಉಳಿದ ಹೆಂಗಸರು ರಮಜಾನು, ಮದುವೆ ಬಂದರೆ ಮೈದಾ, ಸಕ್ಕರೆ, ತುಪ್ಪ ಹೊತ್ತು ಪೇಟೆಯ ಬೇಕರಿಗೆ ಹೋಗಿ, ಪಾಳಿ ಹಚ್ಚಿ ಬಿಸ್ಕೀಟು ಮಾಡಿಸಿಕೊಂಡು ಬರುತ್ತಿದ್ದರು. ಖಾಸಿಂಬಿ ಹೋಗುತ್ತಿರಲಿಲ್ಲ. "ನಮ್ಮ ತುಪ್ಪ ಅವರ ಹಿಟ್ಟಿಗೆ, ಅವರ ಡಾಲ್ಡಾ ನಮ್ಮ ಹಿಟ್ಟಿಗೆ. ಬ್ಯಾಡ ನನಗ ಆ ಧಂದೆ" ಎನ್ನುತ್ತಿದ್ದಳು. ದೊಡ್ಡ ಪಾತೇಲಿಯಲ್ಲಿ ಉಸುಕು ಕಾಯಿಸಿ, ಒಳಗೆ ತಾಟು ಇಟ್ಟು, ಮುಚ್ಚಳದ ಮೇಲೆ ಕೆಂಡ ಸುರಿದು ಅವಳು ಮನೆಯಲ್ಲೇ ಬೇಯಿಸುತ್ತಿದ್ದಳು. ಒಂದೆರಡು ಕರಿಕಾಗುತ್ತಿದ್ದವು. ಅವು ಗಂಡ ಇಸ್ಮಾಯಿಲಸಾಬನ ಪಾಲು. ಆತ ಅವನ್ನೇ ಇಷ್ಟಪಡುತ್ತಾನೆಂದು ಅವಳೇ ನಿರ್ಧರಿಸಿದ್ದಳು.

ಕೆಲಸದ ಜೀವ ಇದ್ದದ್ದು ತಿಕ್ಕುವುದರಲ್ಲಿ. ತುಪ್ಪ ಮತ್ತು ಪುಡಿಸಕ್ಕರೆಯನ್ನು ಬಲ ಅಂಗೈಯ ಬುಡದಿಂದ ದುಂಡಗೆ, ಒಂದೇ ದಿಕ್ಕಿಗೆ, ಅದು ಬೆಳ್ಳಗೆ ಮೊಸರಿನಂತಾಗುವ ತನಕ ತಿಕ್ಕಬೇಕು. ಎಡಗೈ ಪರಾತದ ಅಂಚಿನ ಮೇಲೆ ಸುಮ್ಮನೆ ಇರುತ್ತಿತ್ತು.

"ನಾ ತಿಕ್ಕತೀನಿ ಕೊಡ್ರಿ ಅಮ್ಮಿ. ಹಣಿ ಮ್ಯಾಲೆ ಬೆವರ ನೋಡ್ರಿ."

"ನೀ ತಿಕ್ಕಿದ್ರ ಬಿಸ್ಕೀಟ ಅಲ್ಲ, ಕಟಕ ರೊಟ್ಟಿ ಆಗತಾವು. ಎದಿ ಉರದಂಗ ಆಗೈತಿ, ಗ್ಯಾಸ್ ಅದು. ಸೋಡಾ ಕೊಡು ಇತ್ತಾಗ."

ನಸ್ರೀನ್‌ಗೆ ನೆಗಡಿಯಿಂದ ಮೂಗು ಕಟ್ಟಿತ್ತು. ಮನೆಯವರಿಗೆಲ್ಲ ಕಟ್ಟಿತ್ತು. ಗೋಡೆಯ ಗೂಡಿಗೆ ಕೈ ಹಾಕಿದಳು. ಸಿಕ್ಕ ಪ್ಲಾಸ್ಟಿಕ್ ಗಂಟನ್ನು ತಂದು ಕೊಟ್ಟಳು. ಖಾಸಿಂಬಿ ಅದನ್ನು ಬಿಚ್ಚಿ, ಚಿಟಿಕೆ ಚಿಟಿಕೆಯಾಗಿ ಹಿಟ್ಟಿಗೆ ಹಾಕಿದಳು. ಸ್ವಲ್ಪವನ್ನು ನೀರಿನಲ್ಲಿ ಕಲಸಿ ಗ್ಯಾಸಿಗೆಂದು ತಾನೇ ಕುಡಿದಳು. ಖಾಲಿ ಪ್ಲಾಸ್ಟಿಕ್ಕು ಒಲೆಗೆ ಹೋಯಿತು.

ಮೊದಲ ತಾಟು ಇಳಿದಾಗ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಅದು ಅವಳ ಪದ್ಧತಿ. ಅವಳು ತಿನ್ನದೆ ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. "ಕೆಟ್ಟಿದ್ರ ನಾ ಒಬ್ಬಾಕಿ ಸಾಯ್ತೀನಿ, ನೀವು ಉಳೀರಿ" ಎಂದು ಪ್ರತಿ ಸಲವೂ ಹೇಳುವ ಮಾತನ್ನು ಹೇಳಿದಳು. ಪ್ರತಿ ಸಲದಂತೆ ನಸ್ರೀನ್ ನಕ್ಕಳು.

ಸಂಜೆ ಅಳಿಯ ಮುಜಫರ್ ಬಂದು ದೊಡ್ಡ ಡಬ್ಬಿಯನ್ನು ಒಯ್ದ, ಸಣ್ಣದು ಮನೆಗೆ ಉಳಿಯಿತು. ಶುಕ್ರವಾರದ ತನಕ ಯಾರೂ ಮುಚ್ಚಳ ತೆಗೆಯಬಾರದೆಂದು ಖಾಸಿಂಬಿ ಗದರಿಸಿ ಕಳಿಸಿದಳು. ಆಮೇಲೆ ಸೊಸೆಯ ಮುಂದೆ ಕೂತು, ಎಡ ತೋಳನ್ನು ಅವಳ ಮಡಿಲಿಗೆ ಚಾಚಿದಳು.

"ಬೆಳ್ಳೊಳ್ಳಿ ಎಣ್ಣಿ ಹಚ್ಚು ಬೇ. ಹಿಟ್ಟು ನಾದಿ ನಾದಿ ಕೈ ಜಗ್ಗಾಕತ್ತೈತಿ."

ನಸ್ರೀನ್ ಹೆಗಲಿನಿಂದ ಮುಂಗೈ ತನಕ ತಿಕ್ಕಿದಳು. ಈಚೆಗೆ ಅದೂ ದಿನದ ಕೆಲಸಗಳಲ್ಲಿ ಒಂದಾಗಿತ್ತು.

ಮರುದಿನ ಬೆಳಿಗ್ಗೆ, ಸತ್ತ ಅತ್ತೆಯನ್ನು ಹೊರಸಿನ ಮೇಲೆ ಮಲಗಿಸಿದ ಮೇಲೆ, ಅವಳು ನೀರಿನ ತಂಬಿಗೆಗೆಂದು ಗೂಡಿನ ಕಡೆ ತಿರುಗಿದ್ದಳು. ಅಲ್ಲಿ ಇನ್ನೊಂದು ಗಂಟಿತ್ತು. ಹತ್ತಿಗೆ ಹೊಡೆದು ಉಳಿದ ಹುಳದ ಔಷಧದ ಬಿಳಿ ಪುಡಿಯನ್ನು ಮಾವ ಹೀಗೇ ಕಟ್ಟಿ ಎಲ್ಲೆಂದರಲ್ಲಿ ತುರುಕುತ್ತಿದ್ದುದು ಆಗ ನೆನಪಾಯಿತು. ಗಂಟು ಬಿಚ್ಚಿದಳು. ಬಿಳಿ ಪುಡಿ. ಮೂಸಿದಳು. ಕಟ್ಟಿದ ಮೂಗಿಗೆ ಏನೂ ತಿಳಿಯಲಿಲ್ಲ. ನಿನ್ನೆ ತಾನು ಕೊಟ್ಟದ್ದು ಯಾವುದು, ಉಳಿದದ್ದು ಯಾವುದು? ಕಲಘಟಗಿಯ ಡಬ್ಬಿಯನ್ನು ಶುಕ್ರವಾರದ ತನಕ ಯಾರೂ ತೆರೆಯುವುದಿಲ್ಲ ಎಂದುಕೊಳ್ಳುತ್ತ ಅವಳು ಮನೆಯ ಡಬ್ಬಿಯನ್ನು ಹುಡುಕಿದಳು.

*

ಬಿಸಿಲು ನೆತ್ತಿಗೇರುವ ಹೊತ್ತಿಗೆ ರುಬಿಯಾ ಬಂದಳು. ಕೂಸನ್ನು ಯಾರದೋ ಕೈಗೆ ಕೊಟ್ಟು ತಾಯಿಯ ಮೇಲೆ ಬಿದ್ದಳು. ಅತ್ತು ಅತ್ತು ದಣಿದ ಮೇಲೆ ಸಣ್ಣವ್ವ ಅವಳನ್ನು ಒಳಕೋಣೆಗೆ ಕರೆತಂದು ನೀರು ಕುಡಿಸಿದಳು. ಸಣ್ಣವ್ವನ ಸೊಸೆ ಅಮೃತಾ ಬೀಸಣಿಗೆ ಹಿಡಿದಳು. ಅವಳು ಅಣ್ಣಿಗೇರಿಯಲ್ಲಿ ನರ್ಸು, ರಾತ್ರಿಪಾಳಿ ಮುಗಿಸಿ ಬಂದವಳು ಸೀರೆಯನ್ನೂ ಬದಲಿಸಿರಲಿಲ್ಲ. ಮಲಿಕಾಬಿ ಗೋಡೆಗೆ ಒರಗಿ ಹೆಣಕ್ಕೆ ಸುತ್ತುವ ಕಫನಿನ ಬಟ್ಟೆ ಮಡಚುತ್ತಿದ್ದಳು.

"ದೊಡ್ಡ ಹುಡುಗೂರು ಎಲ್ಲಿ?" ನಸ್ರೀನ್ ಕೇಳಿದಳು.

"ಮನ್ಯಾಗ ನಮ್ಮ ಅತ್ತಿ ಹತ್ರ ಬಿಟ್ಟು ಬಂದೀನಿ ಭಾಬಿ. ಇಷ್ಟು ಮಂದ್ಯಾಗ ಅವನ್ನ ಯಾರು ನೋಡ್ಕೋಬೇಕು? ನಿನ್ನಿಯಿಂದ ಒಂದ ಹಟ, ನಾನಿ ಬಿಸ್ಕೀಟ ತೆಗಿ, ನಾನಿ ಬಿಸ್ಕೀಟ ತೆಗಿ ಅಂತ. ಹೊರಡೂ ಮುಂದ ಬ್ಯಾಸತ್ತು ಅತ್ತಿಗೆ ಹೇಳಿ ಬಂದೆ, ಕೊಟ್ಟು ಬಿಡ್ರಿ ಅಂತ. ಇನ್ನೆಲ್ಲಿ ತೊಟ್ಟಿಲಾ..."

"ಫೋನ್ ಹಚ್ರಿ."

"ಏನು?"

"ಫೋನ್ ಹಚ್ರಿ ಆಪಾ! ತಿನ್ನಬ್ಯಾಡ ಅನ್ರಿ. ಅದರಾಗ ಹತ್ತಿ ಔಷಧ ಬಿದ್ದೈತಿ. ನಾ ಸೋಡಾ ಅಂತ ತಿಳದು ಕೊಟ್ಟೆ. ಅಮ್ಮಿ ಅದನ್ನ ತಿಂದಾರ, ಕುಡದಾರ..."

ಬೀಸಣಿಗೆ ನಿಂತಿತು. ಬಾಗಿಲ ಆಚೆ ಅಸ್ಲಂನ ಮುಖ ಕಾಣಿಸಿತು. ಎಷ್ಟು ಕೇಳಿಸಿಕೊಂಡನೋ, ಚೌಕಟ್ಟು ಹಿಡಿದು ನಿಂತುಬಿಟ್ಟ. ರುಬಿಯಾಳ ಕೈ ಮೇಲೆದ್ದಿತು. ನಸ್ರೀನ್ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಆ ಕೈ ಬುರ್ಖಾದ ಕಿಸೆಯಲ್ಲಿ ಫೋನು ಹುಡುಕುತ್ತಿತ್ತು.

ರಿಂಗಾಯಿತು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಅಮೃತಾ ಫೋನನ್ನು ತಾನು ಹಿಡಿದು ಸ್ಪೀಕರಿಗೆ ಹಾಕಿದಳು.

"ಹಾಂ, ಯಾರು?" ಮುದಿ ಹೆಂಗಸಿನ ದನಿ.

"ಹುಡುಗೂರು ಎಲ್ಲಿ? ಬಿಸ್ಕೀಟ ತಿಂದ್ವೇನು?"

"ತಿಂದ್ವೇನು ಅಂತಾಳ! ಅರ್ಧಾ ಡಬ್ಬಿ ಮುಗಿಸ್ಯಾವು. ನೀ ಹೊಸ್ತಿಲಾ ದಾಟಿದ ಕೂಡ್ಲೇ ಸುರು. ಈಗ ಓಣ್ಯಾಗ ಗೋಲಿ ಆಡಾಕ ಬಡದಾಡಾಕತ್ತಾವು. ಕೇಳವಲ್ದೇನು ಗದ್ದಲಾ?"

"ವಾಂತಿ? ಹೊಟ್ಟಿ ನೋವು?"

"ನೋವು ಅವಕ್ಕ ಯಾಕ ಬರತೈತಿ? ನಾನೂ ಚಾದಾಗ ನಾಕು ತಿಂದೆ. ಪಾಪ, ನಿಮ್ಮ ಅಮ್ಮಿ ಕೈಗುಣಾನ ಬ್ಯಾರೆ, ಅಲ್ಲಾ ಆಕಿಗೆ ಜನ್ನತ ಕೊಡ್ಲಿ. ಈ ಸಲ ಸೋಡಾ ಒಂಚೂರು ಹೆಚ್ಚಾಗೈತಿ, ಅಷ್ಟ."

ಅಮೃತಾ ಫೋನು ಇಟ್ಟಳು. ನಸ್ರೀನ್ ನೆಲಕ್ಕೆ ಕೂತಳು. ಕೂತಲ್ಲೇ ಚಾಪೆಯ ಮೇಲೆ ಹಣೆ ಇಟ್ಟು, ಬೆಳಗಿನಿಂದ ಬಾರದಿದ್ದ ಅಳುವನ್ನು ಅತ್ತಳು. ಅಸ್ಲಂ ಬಾಗಿಲಿನಿಂದ ಸರಿದು ಹೊರಗೆ ಹೋದ. ರುಬಿಯಾ, "ಹುಚ್ಚಿ ಅದಿ ಭಾಬಿ ನೀನು, ನನ್ನ ಜೀವಾ ಹಾರಿಸಿದಿ" ಎಂದು ಅವಳ ಬೆನ್ನಿಗೆ ಒಂದು ಗುದ್ದಿ, ಆ ಬೆನ್ನ ಮೇಲೇ ತಲೆ ಇಟ್ಟಳು.

"ಅದಕ್ಕ ಡಬ್ಬಿ ಬಚ್ಚಿಟ್ಟಿದ್ದೇನು? ನಾ ಏನೇನೋ ಅಂದ್ನಲ್ಲ ಬೇ," ಮಲಿಕಾಬಿ ಮೂಗು ಒರೆಸಿಕೊಂಡಳು.

"ಔಷಧ ಅಲ್ಲ, ಏನಲ್ಲ. ಆಕಿನ್ನ ಕೊಂದದ್ದು ಆ ಪರಾತ," ಸಣ್ಣವ್ವ ಅಂದಳು. "ಮದವಿ ಆದಾಗಿಂದ ನಾದ್ಯಾಳ. ಸುಗ್ಗಿ ಸುರು ಆದಾಗಿಂದ ಕೈ ಬ್ಯಾನಿ, ಕೈ ಬ್ಯಾನಿ ಅಂತ ಒಂದ ಸವನ. ಮಂದೀಗತೆ ಬೇಕರ್‍ಯಾಗ ಮಾಡಿಸ್ಕೋ ಅಂದ್ರ ನನ್ನಽ ಬೈದ್ಲು."

"ನನ್ನ ಹತ್ರಾನೂ ಬಂದಿದ್ಲು. ಬೆಳ್ಳೊಳ್ಳಿ ಎಣ್ಣಿ ಕಾಸಿ ಕೊಟ್ಟಾಕಿ ನಾನಽ," ಅಂದಳು ಮಲಿಕಾಬಿ.

"ನನಗ ಫೋನಿನ್ಯಾಗ ಹೇಳಿದ್ಲು," ರುಬಿಯಾ ತಲೆ ಎತ್ತಿದಳು. "ಹಂಗಾರ ಎರಡು ಡಬ್ಬಿ ಮಾಡಬ್ಯಾಡ, ಒಂದಽ ಮಾಡು ಅಂದೆ."

"ನನಗೂ ಹೇಳಿದ್ರು," ಅಂದಳು ಅಮೃತಾ. "ನಾ ನಕ್ಕಿದ್ದೆ." ಅವಳು ಬೀಸಣಿಗೆಯನ್ನು ಕೆಳಗಿಟ್ಟಳು. "ಯಾವ ಕೈರಿ?"

"ಯಾವದಂದ್ರ?"

"ಬ್ಯಾನಿ ಯಾವ ಕೈ ಇತ್ತು?"

"ಎಡಗೈ," ಎಂದಳು ಮಲಿಕಾಬಿ. ಸಣ್ಣವ್ವನೂ ಅದನ್ನೇ ಅಂದಳು.

"ಖಾಸಿಂಬಿ ಕಾಕಿ ಎಡಚಿ ಇದ್ರೇನು?"

ಪಡಸಾಲೆಯಲ್ಲಿ ಯಾರೋ ಹೊಸಬರು ಬಂದು ಅಳು ಎತ್ತಿದರು. ಈ ಮನೆಯ ತೊಟ್ಟಿಲು, ಮದುವೆ, ಹಬ್ಬಗಳಿಗೆಲ್ಲ ಆ ಪರಾತದ ಮುಂದೆ ಬಂದು ಕೂತು ಹರಟೆ ಹೊಡೆದವರು ಈ ಒಳಕೋಣೆಯ ಹೆಂಗಸರೇ. ಬಲ ಅಂಗೈ ದುಂಡಗೆ ತಿರುಗುವುದನ್ನು ಎಲ್ಲರೂ ಕಂಡಿದ್ದರು.

ನಸ್ರೀನ್ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಬೆಳ್ಳುಳ್ಳಿಯ ವಾಸನೆ ಇನ್ನೂ ಇದ್ದಿರಬೇಕು. ಅವಳಿಗೆ ಅದು ತಿಳಿಯುವಂತಿರಲಿಲ್ಲ.

"ಅಮೃತಕ್ಕಾ," ಎಂದಳು. "ಒಂದು ವಾರದ ಹಿಂದ ಅಮ್ಮೀನ್ನ ನಿಮ್ಮ ದವಾಖಾನಿಗೆ ಕರಕೊಂಡು ಬಂದಿದ್ರ, ಹಾರ್ಟ್ ಅಂತ ಗೊತ್ತಾಗತಿತ್ತೇನು?"

ಅಮೃತಾ ಎದ್ದು ನಿಂತಳು. "ನೀರು ಕಾದಾವೇನ ನೋಡ್ತೀನಿ," ಎಂದು ಹೊರಗೆ ಹೋದಳು.

*

ಪರದೆ ಕಟ್ಟಿ ಸ್ನಾನ ಮಾಡಿಸಿದರು. ನಸ್ರೀನ್ ನೀರು ಹಾಕಿದಳು, ಮಲಿಕಾಬಿ ತೊಳೆದಳು. ಬಲಗಡೆ ಮುಗಿದು ಎಡಗಡೆಗೆ ಬಂದಾಗ, ಊರಿನಲ್ಲಿ ಅದೆಷ್ಟೋ ಹೆಣ ತೊಳೆದ ಮಲಿಕಾಬಿ ಆ ತೋಳನ್ನು ಎತ್ತಲು ಹಿಂಜರಿದಳು. ಹೊರಗೆ ಗಂಡಸರು ಅವಸರ ಮಾಡುತ್ತಿದ್ದರು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಜನಾಜಾ ಎದ್ದಿತು. ಇಸ್ಮಾಯಿಲಸಾಬನ ರಟ್ಟೆಯನ್ನು ಇಬ್ಬರು ಹಿಡಿದಿದ್ದರು. ಓಣಿಯ ತಿರುವಿನ ತನಕ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ನೋಡಲು ಏನೂ ಉಳಿಯಲಿಲ್ಲ.

ಒಬ್ಬೊಬ್ಬರಾಗಿ ಎದ್ದರು. ಅಮೃತಾ ಪಾತ್ರೆಗಳನ್ನು ಹೊತ್ತು ಮುಂದೆ ಹೋದಳು. ಸಣ್ಣವ್ವ ಖಾಲಿ ಕಿಟ್ಲಿಯನ್ನು ಬದಿಗಿಟ್ಟು ಕಟ್ಟೆಯ ಮೇಲೆ ಕೂತಳು, ಇನ್ನೇನು ಏಳುತ್ತೇನೆ ಎನ್ನುವವಳಂತೆ. ಓಣಿ ಖಾಲಿಯಾಗಿತ್ತು. ಅವಳ ಬಲಗೈ ಸೆರಗಿನೊಳಗೆ ಹೋಯಿತು. ಎಡ ಹೆಗಲನ್ನು ಹುಡುಕಿ, ಗಟ್ಟಿಯಾಗಿ ಒತ್ತಿ, ಮೊಣಕೈ ತನಕ ಮೆಲ್ಲಗೆ ಇಳಿಯಿತು.

ತಲೆ ಎತ್ತಿದಾಗ ಹೊಸ್ತಿಲಲ್ಲಿ ನಸ್ರೀನ್ ನಿಂತಿದ್ದಳು. ಸಣ್ಣವ್ವ ಸರಕ್ಕನೆ ಕೈ ತೆಗೆದಳು.

"ನಿನ್ನಿ ಹತ್ತಿ ಚೀಲಾ ಹೊತ್ತಿದ್ದೆ ಬೇ. ಅದಕ್ಕ."

ನಸ್ರೀನ್ ಕೆಳಗಿಳಿದು ಅವಳ ಸೆರಗಿನ ತುದಿಯನ್ನು ಹಿಡಿದಳು.

"ಬಿಡಽ, ಮಂದಿ ನೋಡ್ಯಾರು. ಹೊಲದಾಗ ಆಳು ಕಾಯಾಕತ್ತಾವು. ಬಿಡಂದ್ರ ಬಿಡವಲ್ಲಿ, ಹುಚ್ಚಿ!"

ಸಣ್ಣವ್ವ ಎದ್ದು ಎಳೆದಳು. ನಸ್ರೀನ್ ಸೆರಗನ್ನು ಮುಷ್ಟಿಗೆ ಒಂದು ಸುತ್ತು ಸುತ್ತಿಕೊಂಡು, ಹಾಗೇ ನಿಂತು, ಅಮೃತಾ ಹೋದ ದಿಕ್ಕಿಗೆ ಮುಖ ಮಾಡಿ ಗಂಟಲು ಹರಿಯುವಂತೆ ಅವಳ ಹೆಸರು ಕೂಗಿದಳು.