ಬಾಯಲ್ಲಿ ಉಳಿದ ಆಯ್ತು

ಲಕ್ವ ಹೊಡೆದ ಮೇಲೆ ನನ್ನ ಬಾಯಲ್ಲಿ ಉಳಿದದ್ದು ಒಂದೇ ಮಾತು: ಆಯ್ತು. ಬೇಕು, ಬೇಡ, ನೀರು, ನೋವು, ಹೆಂಡತಿಯ ಹೆಸರು, ಮಗಳ ಹೆಸರು, ಎಲ್ಲವೂ ತಲೆಯೊಳಗೆ ಸಾಲಾಗಿ ನಿಂತಿವೆ. ಬಾಯಿಗೆ ಬರುವಷ್ಟರಲ್ಲಿ ಎಲ್ಲವೂ ಆಯ್ತು ಆಗಿಬಿಡುತ್ತವೆ. ಊರವರ ಬಟ್ಟೆ ಹೊಲಿದು ಹೊಲಿದು ತಲೆ ನರೆತ ದರ್ಜಿ ನಾನು; ಬೈಗುಳಕ್ಕೇನೂ ಬರವಿರಲಿಲ್ಲ. ಈಗ ಸಿಟ್ಟು ನೆತ್ತಿಗೇರಿದರೆ ಎಡಗೈಯಿಂದ ಮಂಚ ಗುದ್ದಿ "ಆಯ್ತು! ಆಯ್ತು!" ಎಂದು ಕೂಗುತ್ತೇನೆ. ಪಕ್ಕದ ಮನೆಯವರು, ಪಾಪ ಎಷ್ಟು ಮೆತ್ತಗಾಗಿದ್ದಾರೆ ಎನ್ನುತ್ತಾರಂತೆ.

ಬರೆದು ತೋರಿಸೋಣವೆಂದರೆ ಬಲಗೈ ಅಂಗಿಯ ಖಾಲಿ ತೋಳಿನ ಹಾಗೆ ಜೋತುಬಿದ್ದಿದೆ, ಎಡಗೈಗೆ ಅಕ್ಷರ ಒಲಿಯುವುದಿಲ್ಲ. ಇಲ್ಲ ಎಂದು ತಲೆಯಾಡಿಸಲು ಹೊರಟರೆ ಅದು ಹೌದು ಎಂದು ಆಡುತ್ತದೆ. ಇದು ಸಾಲದೆಂಬಂತೆ ಅಳು ಬಂದಾಗಲೆಲ್ಲ ನಗು ಹೊರಬೀಳುತ್ತದೆ. ಹೀಗಾಗುತ್ತದೆಂದು ಡಾಕ್ಟರು ಮಗಳಿಗೆ ಬಿಡಿಸಿ ಹೇಳಿದ್ದರು. ಅವಳು ಮರೆತಿದ್ದಾಳೆ. ನಗುವ ಅಪ್ಪನನ್ನು ನಂಬುವುದು ಸುಲಭ.

ಅವತ್ತು ಬೆಳಗ್ಗೆ ಹೆಂಡತಿ ನನ್ನನ್ನು ಎತ್ತಿ ಕೂರಿಸಲು ಹೋಗಿ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದಳು. ನೋಡಲು ಬಂದಿದ್ದ ಮಗಳು ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತಳು.

"ಅಪ್ಪಾ, ಅಮ್ಮನ ಕೈಲಿ ಇನ್ನು ಆಗಲ್ಲ. ಒಂದು ಆರೈಕೆ ಮನೆ ನೋಡಿದ್ದೀನಿ. ಅಲ್ಲಿ ನಿನ್ನಂಥೋರೇ ಇರ್ತಾರೆ, ನೋಡ್ಕೊಳ್ಳೋಕೆ ಜನ ಇದ್ದಾರೆ. ಹೋಗ್ತೀಯಾ?"

ನನ್ನಂಥವರಂತೆ! ಅಲ್ಲಿ ನನಗೆ ಬೆನ್ನು ತುರಿಸಿದರೆ ಯಾರಿಗೆ ಗೊತ್ತಾಗುತ್ತದೆ? ಹೆಂಡತಿಯಾದರೆ ನನ್ನ ಹುಬ್ಬು ನೋಡಿಯೇ ತಿಳಿದುಕೊಳ್ಳುತ್ತಾಳೆ. ಹೋಗುವುದಿಲ್ಲ, ಸತ್ತರೂ ಹೋಗುವುದಿಲ್ಲ ಎನ್ನಲು ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿದೆ.

"ಆಯ್ತು."

"ನೋಡಮ್ಮ! ಒಪ್ಕೋತಾರೆ ಅಂತ ನಾನು ಹೇಳಿರ್ಲಿಲ್ವಾ?"

"ಆಯ್ತು! ಆಯ್ತು!" ಎಂದು ಬಾಯಿ ಬಡಿದುಕೊಂಡೆ. ಅಳು ಉಕ್ಕಿಬಂತು. ಗಹಗಹಿಸಿ ನಕ್ಕೆ. ಮಗಳೂ ನಗುತ್ತಾ ಫೋನ್ ಎತ್ತಿಕೊಂಡಳು.

"ಕೆಳಗಿಡು ಅದನ್ನ," ಎಂದಳು ಹೆಂಡತಿ. "ನಿಮ್ಮಪ್ಪನ ಆಯ್ತು ನಿನಗೇನು ಗೊತ್ತು? ಗಿರಾಕಿ ಬಂದು ಕೋಟು ಆಯ್ತಾ ಅಂದ್ರೆ, ಆಯ್ತು ಅನ್ನೋರು. ಬಟ್ಟೆಗೆ ಕತ್ತರೀನೂ ತಾಗಿರ್ತಿರ್ಲಿಲ್ಲ! ಬೈಸಿಕೊಳ್ತಿದ್ದೋಳು ನಾನು. ಈ ಮನುಷ್ಯ ಆಯ್ತು ಅಂದ್ರೆ ಆಗಿಲ್ಲ ಅಂತ ಅರ್ಥ. ಹೋಗಲ್ಲ ಅಂತಿದ್ದಾರೆ."

ಹೋದ ಜೀವ ಬಂದಂತಾಯಿತು. ಗಿರಾಕಿಗಳೆದುರು ನನ್ನ ಮಾನ ಹರಾಜು ಹಾಕುತ್ತಿದ್ದ ಹೆಂಗಸು, ಇವತ್ತು ಅವಳ ಬಾಯಿಗೆ ಸಕ್ಕರೆ ಹಾಕಬೇಕು ಅನಿಸಿತು.

ಮಗಳು ಮುಖ ಊದಿಸಿಕೊಂಡು ಎದ್ದಳು. "ಸರಿ, ನಿಮ್ಮಿಷ್ಟ. ಸಂಜೆಯೊಳಗೆ ಯೋಚನೆ ಮಾಡಿ ಹೇಳಿ, ಆಮೇಲೆ ಜಾಗ ಇರಲ್ಲ," ಎಂದು ಹೊರಟುಹೋದಳು.

ಹೆಂಡತಿ ಮಂಚದ ಅಂಚಿಗೆ ಕೂತು ನನ್ನ ಜೊಲ್ಲು ಒರೆಸಿದಳು.

"ರೀ, ಅವಳ ಮುಂದೆ ದೊಡ್ಡದಾಗಿ ಹೇಳ್ಬಿಟ್ಟೆ. ನಿಮ್ಮನ್ನ ಹೊರಳಿಸುವಾಗೆಲ್ಲ ಬೈತೀನಿ. ಮೊನ್ನೆ ತಟ್ಟೆ ಕುಕ್ಕಿದೆ. ಆದ್ರೂ ನನ್ನ ಹತ್ರಾನೇ ಇರ್ತೀರಾ?"

ಇರುತ್ತೇನೆ ಕಣೇ. ಬೈಯಿ, ಕುಕ್ಕು, ನಿನ್ನ ಹತ್ತಿರವೇ ಇರುತ್ತೇನೆ. ಕೊನೆಗೂ ನನಗೆ ಬೇಕಾದ ಮಾತು, ಬಾಯಲ್ಲಿರುವ ಮಾತು ಎರಡೂ ಒಂದೇ ಆಗಿದ್ದವು.

"ಆಯ್ತು," ಎಂದೆ.

ಅವಳ ಕೈ ನನ್ನ ಕೆನ್ನೆಯ ಮೇಲೇ ನಿಂತಿತು.

"ಯಾವ ಆಯ್ತು ರೀ ಇದು?"

"ಆಯ್ತು," ಎಂದೆ ಮತ್ತೆ. ಹೇಳಿದಷ್ಟೂ ಅವಳ ಮುಖ ಚಿಕ್ಕದಾಯಿತು. ನನ್ನ ಹೊಟ್ಟೆಯೊಳಗಿಂದ ಅಳು ಎದ್ದು, ಹಾಳಾದ್ದು, ನಗುವಾಗಿ ಬಿತ್ತು. ನನ್ನ ಹುಬ್ಬನ್ನೂ ಓದಬಲ್ಲವಳು ಅವತ್ತು ನಗುವನ್ನಷ್ಟೇ ನೋಡಿದಳು. ಇದೂ ಬೆಳಗಿನ ಆಯ್ತೇ ಎಂದು ನಂಬುವುದೇ ಅವಳಿಗೆ ಬೇಕಾಗಿತ್ತೋ ಏನೋ, ಅದು ಅವಳ ಸೊಂಟಕ್ಕೆ ಗೊತ್ತು.

ಅವಳು ಎದ್ದು ಹೋಗಿ ಮಗಳಿಗೆ ಫೋನ್ ಮಾಡಿದಳು.

"ಇಲ್ಲ ಕಣೇ, ನಾನೇ ಕೇಳಿದೆ. ನನ್ನ ಹತ್ರ ಇರಲ್ಲ ಅಂತಿದ್ದಾರೆ," ಎಂದಳು.

ನಾನು ಹಿಂದಿನಿಂದ ಆಯ್ತು, ಆಯ್ತು ಎಂದು ಕೂಗುತ್ತಲೇ ಇದ್ದೆ.