ರಾಣಿ ಯಾಕೆ ಹಾಗೆ ಮಾಡಿದಳು

ಇಸ್ತ್ರಿ ಅಂಗಡಿಗೆ ಜನ ಬಟ್ಟೆಗೆ ಬರುತ್ತಾರೋ ಜಗಳಕ್ಕೆ ಬರುತ್ತಾರೋ, ಆ ದೇವರೇ ಹೇಳಬೇಕು. ಸಂಜೆ ಗೋಡೆಯ ಟಿವಿಯಲ್ಲಿ ಮಾಯಾಲೋಕದ ಧಾರಾವಾಹಿ ಶುರುವಾದರೆ ಸಾಕು, ಮಡಚಿದ ಬಟ್ಟೆ ಕಂಕುಳಿಗೆ ಬಂದರೂ ಕಾಲು ಕದಲುವುದಿಲ್ಲ. ಇವತ್ತಂತೂ ಕೇಳಲೇಬೇಡಿ. ಮಂತ್ರ ಬಲ್ಲ ಹೊಸ ರಾಣಿ, ರಾಜನ ಮೊದಲ ಹೆಂಡತಿಯ ಮಗನ ತಲೆ ಸವರಿ, ಸತ್ತ ತಾಯಿಯ ನೆನಪನ್ನೆಲ್ಲ ಅಳಿಸಿಬಿಟ್ಟಿದ್ದಳು.

ಅಂಗಿ ಒಯ್ಯಲು ಬಂದಿದ್ದ ಬಸ್ ಡ್ರೈವರ್ ಕೆಂಡವಾಗಿದ್ದ. ಎಲ್ಲ ಸಿಂಹಾಸನದ ಆಸೆ, ಮಲತಾಯಿ ಅಂದಮೇಲೆ ಇನ್ನೇನು ಎಂದು ತೀರ್ಪು ಕೊಟ್ಟ. ನಮ್ಮವರಿಗೆ ಈ ಪದ ಒಂದು ಸಿಕ್ಕಿಬಿಟ್ಟಿದೆ. ನಲ್ಲಿಯಲ್ಲಿ ನೀರು ಬಾರದಿದ್ದರೂ ಮಲತಾಯಿ ಧೋರಣೆಯೇ.

ಅಂಗಡಿಯಾಕೆ ಸುಮ್ಮನಿರಬಹುದಿತ್ತು. ಇರಲಿಲ್ಲ. ಹುಡುಗ ಊಟ ಬಿಟ್ಟು ಕೊರಗುತ್ತಿದ್ದನಲ್ಲ, ನೋಡಲಾರದೆ ಒಳ್ಳೆಯದಕ್ಕೇ ಮಾಡಿದಳು ಎಂದು ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತುತ್ತ ವಾದಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಈಕೆಯೂ ಎರಡನೆಯ ಹೆಂಡತಿಯೇ. ಮದುವೆಯಾಗಿ ಬಂದ ವಾರವೇ ಮೊದಲನೆಯವಳ ಸೀರೆ, ಫೋಟೋ ಎಲ್ಲ ಟ್ರಂಕಿಗೆ ತುಂಬಿ ಅಟ್ಟಕ್ಕೇರಿಸಿದ್ದಳು. ಮೊದಲನೆಯವಳ ಮಗಳು ಅವನ್ನು ನೋಡಿ ಅಳದಿರಲಿ ಎಂದು ಗಂಡನಿಗೆ ಹೇಳಿದ್ದಳು. ಮಗು ಅಳುವುದನ್ನೇನೋ ಬಿಟ್ಟಿತು, ಜೊತೆಗೆ ಇವಳೊಡನೆ ಮಾತನ್ನೂ ಬಿಟ್ಟಿತು. ಆ ಮೌನ ಇವಳ ಜೀವ ತಿನ್ನುತ್ತಿತ್ತು. ಹುಡುಗಿ ಬೈದಾದರೂ ನಾಲ್ಕು ಮಾತಾಡಲಿ ಅನ್ನುವಷ್ಟು ಸೋತುಹೋಗಿದ್ದಳು.

ಮೂಲೆಯಲ್ಲಿ ಕೂತು ಪಾಠ ಬರೆಯುತ್ತಿದ್ದ ಆ ಹುಡುಗಿ ಈಗ ತಲೆ ಎತ್ತಿದಳು.

"ರಾಣಿ ಆ ಹುಡುಗನ್ನ ಒಂದು ಮಾತು ಕೇಳ್ಬೇಕಿತ್ತು," ಎಂದಳು, ಡ್ರೈವರನ ಕಡೆ ನೋಡಿ. "ಅಳ್ತಿದ್ರೂ ಅವನಿಗೆ ಅಮ್ಮ ನೆನಪಿದ್ಲಲ್ಲ."

ಡ್ರೈವರ್ ಏನೂ ದಡ್ಡನಲ್ಲ. ಹೊತ್ತಾಯಿತು ಎಂದು ಗೊಣಗಿ, ತನ್ನ ಖಾಕಿ ಅಂಗಿ ಎತ್ತಿಕೊಂಡು ಜಾಗ ಖಾಲಿ ಮಾಡಿದ.

ಅಂಗಡಿಯಾಕೆ ಟಿವಿ ಆರಿಸಿದಳು. ನಿನ್ನನ್ನು ಕೇಳದೆ ಎಲ್ಲ ಎತ್ತಿಟ್ಟೆ, ತಪ್ಪಾಯಿತು ಎಂದಳು. ಹುಡುಗಿ ಅಷ್ಟಕ್ಕೇ ಬಿಡುವವಳಲ್ಲ.

"ಯಾಕೆ ಎತ್ತಿಟ್ರಿ?"

ನೀನು ಅಳಬಾರದು ಅಂತ ಎನ್ನುವ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ನುಂಗಿಕೊಂಡಳು. ರಾಣಿಯ ಪರ ವಕಾಲತ್ತು ವಹಿಸಿದಷ್ಟು ಸುಲಭವೇ, ತನ್ನ ಬಗ್ಗೆ ನಿಜ ಹೇಳುವುದು?

"ಭಯ ಆಗ್ತಿತ್ತು ಕಣೇ. ಫೋಟೋ ನೋಡ್ದಾಗೆಲ್ಲ, ನಿಮ್ಮಮ್ಮನಷ್ಟು ಚೆನ್ನಾಗಿ ನನಗೆ ಏನೂ ಮಾಡಕ್ಕೆ ಬರಲ್ಲ ಅನ್ಸೋದು."

ಹುಡುಗಿ ಪೆನ್ನಿನ ಮುಚ್ಚಳ ಕಚ್ಚುತ್ತ ಯೋಚಿಸಿದಳು. ಹಾಗಾದರೆ ರಾಣಿಗೂ ಭಯವೇ ಇರಬೇಕು, ನಾಳೆ ಡ್ರೈವರ್ ಮಾಮನಿಗೆ ಹೇಳಬೇಕು ಎಂದಳು. ಆಮೇಲೆ ತನ್ನ ಜಡೆಯ ತುದಿ ಹಿಡಿದುಕೊಂಡು ಮತ್ತೆ ಬಾಯಿ ತೆರೆದಳು.

"ಅಮ್ಮನೂ ಜಡೆ ಅಷ್ಟೇನೂ ಚೆನ್ನಾಗಿ ಹಾಕ್ತಿರ್ಲಿಲ್ಲ. ಎಳ್ದು ಎಳ್ದು ನೋಯಿಸ್ತಿದ್ಲು."

ಹೇಳುತ್ತಲೇ ನಕ್ಕಳು, ನಗುತ್ತಲೇ ಬಿಕ್ಕಿದಳು. ಅಂಗಡಿಯಾಕೆ ಕಣ್ಣೊರೆಸಲು ಹೋಗಲಿಲ್ಲ, ಸುಮ್ಮನಿರು ಎನ್ನಲಿಲ್ಲ. ಪಕ್ಕದಲ್ಲಿ ನೆಲದ ಮೇಲೇ ಕೂತು, ಇನ್ನೂ ಹೇಳು ಎಂದಳು.