ಹಿದುಕಬೇಳೆಗೆ ತೆಂಗಿನೆಣ್ಣೆ

೧

ಕಡಲಿನಿಂದ ಶುರು ಮಾಡಲೋ, ಅವರೆಕಾಯಿಯಿಂದಲೋ?

ಕಡಲ ಪಕ್ಕದ ಬಡಾವಣೆಯ ಕತೆ ತಾನೇ, ಕಡಲಿನಿಂದಲೇ ಶುರು ಮಾಡಿ ಎನ್ನುತ್ತೀರಿ. ಹೇಳುವುದು ಸುಲಭ. ನಾನು ಕೂತಿರುವುದು ಕೋಲಾರದಲ್ಲಿ. ಇಲ್ಲಿ ಅಲೆ ಎಂದರೆ ನೀರಿನ ಟ್ಯಾಂಕರ್ ಗುಂಡಿಗೆ ಇಳಿದಾಗ ಅದರ ಬಾಯಿಂದ ತುಳುಕುವುದು. ಕಾಲೇಜಿನ ಟೂರಿನಲ್ಲಿ ಒಂದು ಸಲ ಕಡಲು ನೋಡಿದ್ದೇನೆ. ಮರಳಿನಲ್ಲಿ ಚಪ್ಪಲಿ ಹುಡುಕಿದ್ದಷ್ಟೇ ನೆನಪು. (ಕಡಲ ಪಕ್ಕ ಹುಟ್ಟಿದ ಕತೆಗಾರರನ್ನು ಕಂಡರೆ ನನಗೆ ಹೊಟ್ಟೆಯುರಿ. ಏನೂ ಹೊಳೆಯದಿದ್ದರೆ ಒಂದು ಅಲೆ ತಂದು ಹಾಕಿ ಪ್ಯಾರಾ ಮುಗಿಸುತ್ತಾರೆ.)

ಮೊದಲ ಡ್ರಾಫ್ಟ್ ಹೀಗಿತ್ತು: ಹೆದ್ದಾರಿಗೂ ಕಡಲಿಗೂ ನಡುವೆ, ಮೊನ್ನೆಮೊನ್ನೆಯವರೆಗೆ ಮೀನು ಒಣಗಿಸುತ್ತಿದ್ದ ಮರಳಿನ ಮೇಲೆ, ಅಪಾರ್ಟ್‌ಮೆಂಟುಗಳು ಒಂದನ್ನೊಂದು ಇಣುಕಿ ನೋಡುತ್ತ ನಿಂತಿದ್ದವು.

ಚೆನ್ನಾಗಿಯೇ ಇದೆ. ಆದರೆ ಆ ಅಪಾರ್ಟ್‌ಮೆಂಟುಗಳ ಒಳಗೆ ಯಾರನ್ನೂ ಕೂರಿಸಲಾಗದೆ ಒದ್ದಾಡುತ್ತಿದ್ದಾಗ ಮುಳಬಾಗಿಲಿನ ಶಾಮಲಮ್ಮ, ಯಾರೂ ಕರೆಯದೆ, ಪುಟದೊಳಕ್ಕೆ ಬಂದಳು.

"ಸುನಂದ ಇದಾಳಲ್ಲ ಅಲ್ಲಿ, ಅವಳನ್ನ ಹಾಕು. ಬಾಲ್ಕನಿಯಿಂದ ಕಡಲು ಕಾಣ್ಸುತ್ತೆ ಅಂತ ಹೇಳ್ಕೊಂಡು ತಿರುಗ್ತಾಳೆ. ಕಾಣ್ಸೋದು ಬೆರಳಗಲ."

೨

ಹಾಗಾಗಿ ಈಗ ಇದು ಶಾಮಲಮ್ಮನ ಕತೆ. ಕಡಲಿನ ಕತೆ ಬೇಕೆಂದವರು ಸ್ವಲ್ಪ ತಾಳಿ, ಅದೂ ಬರುತ್ತದೆ, ಬೆರಳಗಲವೇ ಆದರೂ.

ಮುಳಬಾಗಿಲಿನಲ್ಲಿ ಶಾಮಲಮ್ಮನಿಗೂ ಸುನಂದಳಿಗೂ ಒಂದೇ ನಡುಗೋಡೆ. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಬಂದವರು. ಇಬ್ಬನಿ ಬಿದ್ದು ಅವರೆಗೆ ಸೊಗಡು ಹತ್ತಿತೆಂದರೆ ಇಬ್ಬರೂ ಜಗಲಿಯಲ್ಲಿ ಎದುರುಬದುರು ಕೂರುತ್ತಿದ್ದರು, ನಡುವೆ ನೆನೆಸಿದ ಕಾಳಿನ ಬೋಗುಣಿ. ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಹಿದುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಈ ಕೆಲಸವನ್ನು ಒಬ್ಬರೇ ಕೂತು ಮಾಡುವವರು ನಮ್ಮ ಕಡೆ ಕಡಿಮೆ. ಕೈಗೆ ಕಾಳು ಬೇಕು, ಬಾಯಿಗೆ ಎದುರಿಗೊಬ್ಬರು ಬೇಕು. ಸೊಸೆಯ ದೂರು, ಗಂಡನ ಬಿ.ಪಿ., ಪಕ್ಕದ ಬೀದಿಯ ನಿಶ್ಚಿತಾರ್ಥ ಮುರಿದದ್ದು, ಎಲ್ಲ ಆ ಬೋಗುಣಿಯ ಮೇಲೆಯೇ ದಾಟಿಹೋಗಿವೆ. ಗುಟ್ಟಿನದಾದರೆ ತೆಲುಗಿನಲ್ಲಿ. (ಮುಳಬಾಗಿಲಿನಲ್ಲಿ ತೆಲುಗು ಎಲ್ಲರಿಗೂ ಬರುತ್ತದೆ, ಆದ್ದರಿಂದ ಗುಟ್ಟು ಎಂಬುದು ಒಂದು ಮರ್ಯಾದೆಯಷ್ಟೆ.)

ಸುನಂದಳ ಮಗಳು ದಿವ್ಯಳನ್ನು ಬ್ಯಾಂಕಿನವರು ಕರಾವಳಿಗೆ ವರ್ಗ ಮಾಡಿದರು. ಮಗು ನೋಡಿಕೊಳ್ಳಲು ಸುನಂದ ಹೋದಳು. ಆರು ತಿಂಗಳಿಗೆ ಬರ್ತೀನಿ ಕಣೇ ಅಂದಿದ್ದಳು. ದಿವ್ಯ ಅಲ್ಲೇ ಫ್ಲ್ಯಾಟ್ ಕೊಂಡಳು.

೩

ಈಗ ಬಡಾವಣೆ. ನಾನು ಅಲ್ಲಿಗೆ ಹೋಗಿಲ್ಲ. ಸುನಂದ ಫೋನಿನಲ್ಲಿ ಹೇಳಿದ್ದನ್ನು ಶಾಮಲಮ್ಮ ನನಗೆ ಹೇಳಿದ್ದಾಳೆ, ಹೇಳುವಾಗ ಅರ್ಧ ಚೆಲುವನ್ನು ಬೇಕಂತಲೇ ನುಂಗಿದ್ದಾಳೆ. ಉಳಿದದ್ದು ಇಷ್ಟು: ಅಲ್ಲಿ ಬಾಗಿಲ ಚಿಲಕ ವರ್ಷಕ್ಕೇ ತುಕ್ಕು ಹಿಡಿಯುತ್ತದೆ. ಹಪ್ಪಳ ಕರಿದು ತಟ್ಟೆಗೆ ಹಾಕುವಷ್ಟರಲ್ಲಿ ಮೆತ್ತಗಾಗುತ್ತದೆ. ಹೊಸ ರಸ್ತೆ, ಹೊಸ ಸೂಪರ್‌ಮಾರ್ಕೆಟ್, ಕೆಂಪುಕಲ್ಲಿನ ಕಾಂಪೌಂಡು, ಎಲ್ಲೆಲ್ಲೂ ಸೈಟು ಮಾರಾಟದ ಬೋರ್ಡು. (ಬೋರ್ಡುಗಳಲ್ಲಿ ನಮ್ಮ ಮಾಲೂರು ರಸ್ತೆಯೇನೂ ಹಿಂದೆ ಬಿದ್ದಿಲ್ಲ ಎಂದು ದಾಖಲಿಸುತ್ತೇನೆ.)

ಅಪಾರ್ಟ್‌ಮೆಂಟಿಗೆ ತಾಗಿಕೊಂಡು ಒಂದೇ ಒಂದು ಹಂಚಿನ ಮನೆ ಉಳಿದಿದೆ. ಅದು ವಾರಿಜಕ್ಕನದು. ಮೀನು ಮಾರಿ ಮಕ್ಕಳನ್ನು ಓದಿಸಿದಾಕೆ, ಜಾಗ ಕೊಡದೆ ಕೂತಾಕೆ. ಅಪಾರ್ಟ್‌ಮೆಂಟ್ ಎದ್ದ ಮೇಲೆ ಅದರ ನೆರಳು ಅವಳ ಅಂಗಳವನ್ನು ನುಂಗಿತು, ಮೀನು ಒಣಗದಾಯಿತು. ಸುನಂದ ಅದನ್ನು ಬಾಲ್ಕನಿಯಿಂದ ನೋಡಿದಳು. ವಾಚ್‌ಮನ್ ಹತ್ತಿರ ಮಾತಾಡಿ, ಟೆರೇಸಿನ ಒಂದು ಮೂಲೆ ಬಿಡಿಸಿಕೊಟ್ಟಳು. ವಾಸನೆ ಅಂತ ಗೊಣಗಿದವರ ಮನೆಗೆ ತಾನೇ ಹೋಗಿ ಚಹಾ ಕುಡಿದು ಬಂದಳು.

"ನಮ್ಮೂರಲ್ಲಿ ಯಾರಿಗಾದ್ರೂ ಹಿಂಗೆ ಓಡಾಡಿದ್ಳಾ?" ಎಂದು ಶಾಮಲಮ್ಮ ನನ್ನನ್ನು ಕೇಳಿದಳು.

ಓಡಾಡಿದ್ದಳು. ಶಾಮಲಮ್ಮನ ಕಣ್ಣಿನ ಆಪರೇಷನ್ನಿಗೆ. ಅದನ್ನು ಬರೆಯಬೇಡ ಅಂದಿದ್ದಾಳೆ.

೪

(ಇಲ್ಲಿ ವಾರಿಜಕ್ಕನನ್ನು ಕೆಟ್ಟವಳಾಗಿ ಚಿತ್ರಿಸಿದ ಒಂದು ಪುಟವಿತ್ತು. ಶಾಮಲಮ್ಮನೇ ಪಕ್ಕದಲ್ಲಿ ಕೂತು ಬರೆಸಿದ್ದು. ಅದರಲ್ಲಿ ವಾರಿಜಕ್ಕ ಸುನಂದಳ ಸಕ್ಕರೆ ಡಬ್ಬಿ ಖಾಲಿ ಮಾಡುತ್ತಾಳೆ, ಮಗುವನ್ನು ಗದರುತ್ತಾಳೆ. ಗದರಿದ್ದು ಯಾಕೆಂದು ಬರೆಯಲು ಹೋದೆ. ಮಗು ಬಾವಿಯ ಕಟ್ಟೆ ಹತ್ತುತ್ತಿತ್ತು. ಪುಟ ಕೆಟ್ಟಿತು. ಹರಿದುಹಾಕಿದೆ.)

೫

ಹೋದ ವರ್ಷ ಶಾಮಲಮ್ಮ ಸೊಗಡಿನ ಕಾಯಿ ಆರಿಸಿ, ಚೀಲ ಕಟ್ಟಿ, ಕೋಲಾರದಿಂದ ಸಂಜೆ ಹೊರಡುವ ಕರಾವಳಿ ಬಸ್ಸಿಗೆ ಹಾಕಿದಳು. ಡಿಕ್ಕಿಯಲ್ಲಿಟ್ಟರೆ ಬೆಂದುಹೋಗುತ್ತೆ ಎಂದು ಕಂಡಕ್ಟರ್ ಅದನ್ನು ತನ್ನ ಸೀಟಿನ ಪಕ್ಕ, ಕಿಟಕಿಯ ಗಾಳಿಗೆ ಇಟ್ಟುಕೊಂಡ. (ಕತೆಗೆ ಇದು ಬೇಕಿಲ್ಲವೆಂದು ಹೊಡೆದುಹಾಕಿ, ಮತ್ತೆ ಬರೆದೆ. ಇಂಥದ್ದನ್ನೆಲ್ಲ ಹೊಡೆದುಹಾಕುತ್ತ ಹೋದರೆ ಉಳಿಯುವುದು ಬರೀ ಪ್ಲಾಟು.)

ಮಾತಾಡಿಕೊಂಡಂತೆ ಇಬ್ಬರೂ ಕಾಳು ನೆನೆಸಿ, ವಿಡಿಯೋ ಕಾಲ್ ಹಾಕಿ, ಇಲ್ಲೊಬ್ಬಳು ಅಲ್ಲೊಬ್ಬಳು ಹಿದುಕಲು ಕೂತರು. ಸುನಂದಳ ಹಿಂದೆ ಬಾಲ್ಕನಿ, ಅದರಾಚೆ ಬೆರಳಗಲ ನೀಲಿ. ಚೆನ್ನಾಗಿಯೇ ನಡೆಯುತ್ತಿತ್ತು. ಆಗ ಪಕ್ಕದಿಂದ ಇನ್ನೊಂದು ಕೈ ಬಂತು. ದಪ್ಪ ಬೆರಳು, ಉಪ್ಪುನೀರಿಗೆ ಒಡೆದ ಚರ್ಮ. ಒಂದು ಕಾಳು ತೆಗೆದುಕೊಂಡಿತು, ತಿರುಗಿಸಿ ನೋಡಿತು, ಹಿದುಕಿತು.

"ಇದೆಂತ, ಸಿಗಡಿ ಸುಲಿದ ಹಾಗೆಯೇ ಉಂಟಲ್ಲ" ಎಂದಿತು ಒಂದು ದನಿ.

ಸುನಂದ ನಕ್ಕಳು. ಹೊಟ್ಟೆ ಹಿಡಿದುಕೊಂಡು ಹಿಂದಕ್ಕೆ ವಾಲುವ ಆ ನಗು ತನಗೊಬ್ಬಳಿಗೇ ಸೇರಿದ್ದು ಎಂದು ಶಾಮಲಮ್ಮ ಇಷ್ಟು ಕಾಲ ನಂಬಿದ್ದಳು. ಆ ಕೈ ಸರಸರನೆ ಹಿದುಕುತ್ತಿತ್ತು. ತನಗಿಂತ ಚುರುಕಾಗಿ. ಶಾಮಲಮ್ಮನ ಒಳಗೆ ಹಸಿಮೆಣಸಿನಕಾಯಿ ಮುರಿದ ಹಾಗಾಯಿತು. ಅಲ್ಲಿ ಯಾರಿಗೂ ತಿಳಿಯದ ತಮ್ಮ ಗುಟ್ಟಿನ ಭಾಷೆಯಲ್ಲಿ, ಕಾಳಿನ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು:

"ಆ ಚೇಪಲಾಮೆ ಇಂಕಾ ಪೋಲೇದಾ?"

ಆ ಮೀನಿನವಳು ಇನ್ನೂ ಹೋಗಲಿಲ್ಲವಾ, ಅಂತ.

"ಎಂತ ಹೇಳಿದ್ರು ಅವರು?" ವಾರಿಜಕ್ಕ ಕೇಳಿದಳು.

ಸುನಂದಳ ಕೈ ಒಂದು ಗಳಿಗೆ ನಿಂತಿತು. "ನಿಮ್ಮದು ಊಟ ಆಯ್ತಾ ಅಂತ ಕೇಳ್ತಿದಾಳೆ."

ವಾರಿಜಕ್ಕನ ಮುಖ ಮೊದಲ ಸಲ ಪರದೆಯ ತುಂಬ ಬಂತು. ಅಗಲ ಮುಖ, ಮೂಗುಬೊಟ್ಟು. "ಆಯ್ತಕ್ಕ. ಅಷ್ಟು ದೂರದಿಂದ ಕೇಳಿದ್ರಲ್ಲ ನೀವು" ಎಂದಳು. ಆಮೇಲೆ ಸುನಂದಳ ಕಡೆ ತಿರುಗಿ, ಅದನ್ನು ಅವರ ಭಾಷೆಯಲ್ಲಿ ಹೇಗೆ ಕೇಳುವುದು ಎಂದು ವಿಚಾರಿಸಿದಳು.

ಅಂದಿನಿಂದ ಸುನಂದಳ ಫೋನು ಬಂದಾಗಲೆಲ್ಲ ಹಿಂದಿನಿಂದ ಒಂದು ದನಿ: "ತಿನ್ನಾರಾ, ಅಕ್ಕ?" ವರ್ಷವಿಡೀ. ಉಣ್ಣುವಾಗ ಅದು ನೆನಪಾದರೆ ಶಾಮಲಮ್ಮ ಅರ್ಧ ಮುದ್ದೆಗೇ ತಟ್ಟೆ ಸರಿಸುತ್ತಾಳೆ. ತನ್ನ ಗೆಳತಿ ಹೋದಳು, ಅವಳ ನಗು ಹೋಯಿತು, ಈಗ ತೆಲುಗೂ ಹೋಯಿತು. ಸಾಲದ್ದಕ್ಕೆ ಅವತ್ತಿನ ಹಿದುಕಬೇಳೆ ಸಾರಿಗೆ ವಾರಿಜಕ್ಕ ತೆಂಗಿನೆಣ್ಣೆಯ ಒಗ್ಗರಣೆ ಹಾಕಿದಳಂತೆ. ಚೆನ್ನಾಗಿತ್ತು ಕಣೇ, ಅಂದಳಂತೆ ಸುನಂದ.

ಪರದೆಯಲ್ಲಿ ಕಾಣದ ಒಂದು ಸಂಗತಿಯನ್ನು ನಿಮಗೆ ಮಾತ್ರ ಹೇಳುತ್ತೇನೆ. ಅಲ್ಲಿ ಸುನಂದಳ ಎದುರಿಗೆ, ಶಾಮಲಮ್ಮ ಕೂರಬೇಕಾದಲ್ಲಿ, ಒಂದು ಮಣೆ ಇತ್ತು. ವಾರಿಜಕ್ಕ ಅದರ ಮೇಲೆ ಕೂರಲಿಲ್ಲ. ಉಪ್ಪಿನಕಾಯಿ ಜಾಡಿಗೆ ಫೋನು ಒರಗಿಸಿ ಮಣೆಯ ಮೇಲೆ ಇಟ್ಟು, ತಾನು ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಅದಕ್ಕೇ ಕೈ ಪಕ್ಕದಿಂದ ಬಂದದ್ದು. ಫೋನಿಗೆ ಎಲ್ಲ ಕಾಣುತ್ತದೆ, ತಾನು ಕೂತ ಜಾಗವೊಂದು ಬಿಟ್ಟು.

೬

"ಅದೇನು ಓದೋರ ಕಿವೀಲಿ ಪಿಸುಗುಟ್ಟಿದ್ದು?" ಶಾಮಲಮ್ಮ ಕೇಳಿದಳು.

ಹೇಳಿದೆ.

"ನಿಂಗೆ ಹೆಂಗೆ ಗೊತ್ತು? ನೀನೇನು ಅಲ್ಲಿಗೆ ಹೋಗಿದ್ಯಾ?"

ಬರೆಯುತ್ತಿರುವವಳು ನಾನೇ ತಾನೇ, ಅಂದೆ.

"ಹಂಗಾದ್ರೆ ನನ್ನ ಸಮಾಧಾನಕ್ಕೆ ಬರ್ದಿದೀಯ. ಮಣೆ ಇತ್ತೋ ಇಲ್ವೋ, ಯಾರು ಕಂಡೋರು?"



೭

ಮತ್ತೆ ಇಬ್ಬನಿ ಬಿದ್ದಿದೆ. ಈ ವರ್ಷ ಅವರೆ ಕಳಿಸುವುದಿಲ್ಲ ಎಂದು ಶಾಮಲಮ್ಮ ಸುನಂದಳಿಗೆ ಹೇಳಿಯಾಗಿದೆ, ಬೆಳೆ ಸರಿಯಿಲ್ಲ ಅಂತ. ಸುಳ್ಳು. ಬಾಗಿಲ ಬಳಿ ಚೀಲ ಕೂತಿದೆ, ಮನೆಯೆಲ್ಲ ಸೊಗಡು. ಇದೊಂದು ಎಳೆ ಕಡಿದರೆ ಇಬ್ಬರ ನಡುವೆ ಉಳಿಯುವುದು ಹಬ್ಬದ ಫಾರ್ವರ್ಡ್ ಮೆಸೇಜುಗಳಷ್ಟೆ. ಅದು ಅವಳಿಗೂ ಗೊತ್ತು. ಈಗ ಮುಗಿಸಬೇಕಾದವಳು ನಾನು.

ಮುಕ್ತಾಯ ಒಂದು. ಅಪಾರ್ಟ್‌ಮೆಂಟಿನವರು ಟೆರೇಸಿಗೆ ಬೀಗ ಹಾಕುತ್ತಾರೆ. ಬೇಸತ್ತ ವಾರಿಜಕ್ಕ ಜಾಗ ಮಾರಿ ಮಗನ ಮನೆಗೆ ಹೋಗುತ್ತಾಳೆ. ಹಂಚಿನ ಮನೆ ಇದ್ದಲ್ಲಿ ಪಾರ್ಕಿಂಗ್.

ಶಾಮಲಮ್ಮನ ಮುಖ ಅರಳಿತು. ಆಮೇಲೆ ಕೇಳಿದಳು, "ಮಗನ ಮನೇಲಿ ಬಿಸ್ಲು ಬೀಳುತ್ತಾ?"

ಗೊತ್ತಿಲ್ಲ ಅಂದೆ.

"ಸುನಂದ ಹಗಲೆಲ್ಲ ಯಾರ ಜೊತೆ ಮಾತಾಡ್ತಾಳೆ ಮತ್ತೆ? ಹೊಡೆದುಹಾಕು ಅದನ್ನ."

ಮುಕ್ತಾಯ ಎರಡು. ಸುನಂದ ವಾರಿಜಕ್ಕನನ್ನು ಮುಳಬಾಗಿಲ ಪಕ್ಕದ ಕುರುಡುಮಲೆ ಗಣೇಶನ ದರ್ಶನಕ್ಕೆ ಕರೆತರುತ್ತಾಳೆ, ಮೂವರೂ ಜಗಲಿಯಲ್ಲಿ ಕೂತು ಹಿದುಕುತ್ತಾರೆ, ಎಲ್ಲ ಸುಖಾಂತ. ಇದಕ್ಕೆ ಅವಳು ಒಂದೇ ಮಾತು ಹೇಳಿದಳು: "ನಾಟಕ."

ಮೂರನೆಯದನ್ನು ನಾನು ಬರೆಯಲಿಲ್ಲ. ಮರುದಿನ ಸಂಜೆ ನಾನು ಪೆನ್ನು ತೆಗೆಯುವ ಮೊದಲೇ ಅವಳು ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿದ್ದಳು. ಒಂದು ಕಂಕುಳಲ್ಲಿ ಅವರೆಯ ಚೀಲ. ಇನ್ನೊಂದು ಕೈಯಲ್ಲಿ ಒಂದು ಬ್ಯಾಗು. ಅದರ ಬಾಯಿಂದ ಸೀರೆಯ ಅಂಚೂ ಕಡಲೆಕಾಯಿ ಎಣ್ಣೆಯ ಬಾಟಲಿಯ ಮುಚ್ಚಳವೂ ಇಣುಕುತ್ತಿದ್ದವು. ಬ್ಯಾಗು ಯಾಕೆ ಅಂದೆ. ಚೀಲ ಕೊಟ್ಟು ವಾಪಸ್ ಹೋಗೋಳೇ, ಸುಮ್ನೆ ತಂದೆ, ಅಂದಳು.

ಅದೇ ಕರಾವಳಿ ಬಸ್ಸು, ಅದೇ ಕಂಡಕ್ಟರ್. ಗುರುತು ಹಿಡಿದು ಕೆಳಗಿಳಿದು ಬಂದ. ಚೀಲ ಇಸಕೊಂಡು, ಹೋದ ವರ್ಷದಂತೆಯೇ ಕಿಟಕಿಯ ಪಕ್ಕಕ್ಕೆ ಇಟ್ಟ. ಆಮೇಲೆ ಬ್ಯಾಗಿನ ಕಡೆ ನೋಡಿದ.

"ಏನಮ್ಮ, ಪಾರ್ಸಲ್ ಒಂದೇನಾ, ಟಿಕೇಟೂ ಬೇಕಾ?"

ಶಾಮಲಮ್ಮ ನನ್ನ ಕಡೆ ತಿರುಗಿದಳು. ಏನನ್ನಲಿ ಎಂದು ಕಣ್ಣಲ್ಲೇ ಕೇಳಿದಳು. ಕತೆಯುದ್ದಕ್ಕೂ ನನ್ನ ಒಂದು ಮಾತನ್ನೂ ಕೇಳದವಳು.

ನಾನು ಪೆನ್ನು ಕೆಳಗಿಟ್ಟೆ. ಮಣೆ ಇದೆಯೋ ಇಲ್ಲವೋ ಅವಳೇ ನೋಡಬೇಕು; ನಾನು ಬರೆದರೆ ನಂಬುವುದಿಲ್ಲ. ಡ್ರೈವರ್ ಎರಡು ಸಲ ಹಾರನ್ ಹೊಡೆದ. ಕಂಡಕ್ಟರ್ ಅವಸರ ಮಾಡಲಿಲ್ಲ. ಬೆರಳನ್ನು ಟಿಕೇಟ್ ಮಿಷನ್ನಿನ ಗುಂಡಿಯ ಮೇಲಿಟ್ಟುಕೊಂಡು, ಬಾಗಿಲ ಕಂಬಿ ಹಿಡಿದು, ನಿಂತೇ ಇದ್ದಾನೆ.